ಮೈಸೂರಿನ ಮ್ಯೂಸಿಯಂ ನೋಡೋರಿಗೆ: ಒಂದು ಬೆಂಕಿಯ ಕಥೆ ಹಿಡಿದು ಹೊರಡಿ

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ಹಾವೇರಿಯಿಂದ ಎರಡು ದಿನದ ಮಟ್ಟಿಗೆ ಮೈಸೂರಿಗೆ ಬರುತ್ತಿದ್ದೀರಿ. ಜೊತೆಗೆ 70 ದಾಟಿದ ಅತ್ತೆ, 8 ಮತ್ತು 11 ವರ್ಷದ ಮಕ್ಕಳು. ಅರಮನೆ ಹೇಗೂ ನೋಡುತ್ತೀರಿ, ಅದರ ಜೊತೆ ಯಾವ ಮ್ಯೂಸಿಯಂ, ಯಾವ ಹಳೇ ಮನೆ ನೋಡಬೇಕು, ಮಕ್ಕಳಿಗೆ ಬೇಜಾರಾಗಲ್ವಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರವಾಗಿ ಇನ್ನೊಬ್ಬರು 12 ಜಾಗದ ಪಟ್ಟಿ ಹಾಕಿದ್ದಾರೆ. ಪಟ್ಟಿ ಸರಿಯಾಗೇ ಇದೆ. ಆದರೆ ಅದನ್ನು ಹಿಡಿದು ಹೊರಟರೆ ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಮನೆಯವರೆಲ್ಲ ಒಬ್ಬರ ಮೇಲೊಬ್ಬರು ಸಿಡುಕುತ್ತಿರುತ್ತೀರಿ.

ಇದು ಅನುಭವದ ಮಾತು. ನಮ್ಮ ಚಿಕ್ಕಪ್ಪನ ಮಗನ ಸಂಸಾರ ಬಂದಾಗ ನಾನೇ ಉತ್ಸಾಹದಲ್ಲಿ ಒಂದೇ ದಿನಕ್ಕೆ ಮೃಗಾಲಯ, ಅರಮನೆ, ಶ್ರೀರಂಗಪಟ್ಟಣ ಎಲ್ಲ ಸೇರಿಸಿದ್ದೆ. ಅರಮನೆಗೆ ಹೋಗುವಷ್ಟರಲ್ಲಿ ಮಟಮಟ ಮಧ್ಯಾಹ್ನ. ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಡಬೇಕಲ್ಲ, ನೆಲ ಕಾದ ಕಾವಲಿಯ ಹಾಗಿತ್ತು. ಅವನ ಚಿಕ್ಕ ಮಗಳು ಒಂದು ಕಾಲು ಎತ್ತಿ ಇನ್ನೊಂದು ಊರಿ ಕುಣಿಯುತ್ತಾ ಅಳೋಕೆ ಶುರು ಮಾಡಿದಳು. ಆಮೇಲೆ ಆ ಮಗು ಒಳಗೇನೂ ನೋಡಲಿಲ್ಲ, ಅವರಪ್ಪನ ಹೆಗಲ ಮೇಲೆ ನಿದ್ದೆ ಹೋಯಿತು. ಅವತ್ತಿನಿಂದ ಯಾರು ಕೇಳಿದರೂ ಎರಡು ಮಾತು ಹೇಳುತ್ತೇನೆ. ಬೆಳಿಗ್ಗೆ 10ಕ್ಕೆ ಬಾಗಿಲು ತೆಗೆಯುತ್ತಲೇ ಅರಮನೆ ಮುಗಿಸಿ. ಬ್ಯಾಗಿನಲ್ಲಿ ಎಲ್ಲರಿಗೂ ಒಂದೊಂದು ಜೊತೆ ಕಾಲುಚೀಲ ಇರಲಿ.

ಇನ್ನು ಮಕ್ಕಳ ಬೇಜಾರಿನ ವಿಷಯ. ಜಾಗ ಕಡಿಮೆ ಮಾಡಿ, ಒಂದು ಕಥೆ ಹಿಡಿದುಕೊಳ್ಳಿ. ಮೈಸೂರಿನಲ್ಲಿ ಅಂಥ ಒಂದು ಕಥೆ ಸುಮ್ನೆ ಸಿಗುತ್ತದೆ.

1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ. ಇವರು ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ. ಆಗಿನ ಅರಮನೆ ಮರದ್ದು. ಮದುವೆಯ ಗಲಾಟೆಯಲ್ಲೇ ಬೆಂಕಿ ಬಿದ್ದು ಅರಮನೆ ಸುಟ್ಟುಹೋಯಿತು. ರಾಜರ ಮನೆಯವರು ಪಕ್ಕದ ಜಗನ್ಮೋಹನ ಅರಮನೆಗೆ ಬಂದರು. ಹೆನ್ರಿ ಇರ್ವಿನ್ ಅನ್ನುವ ಇಂಗ್ಲಿಷ್ ಆರ್ಕಿಟೆಕ್ಟ್ ಹೊಸ ಅರಮನೆಯ ನಕ್ಷೆ ಮಾಡಿದ. ಅದು ಕಟ್ಟಿ ಮುಗಿದಿದ್ದು 1912ಕ್ಕೆ. ಈಗ ನಾವೆಲ್ಲ ನೋಡುವುದು ಅದೇ. ಮದುವೆಯಾದ ಆ ರಾಜಕುಮಾರಿಗೆ ಬೇರೆ ಒಂದು ಬಂಗಲೆ ಎದ್ದಿತು, 1905ರಲ್ಲಿ. ಅದೇ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ. ಈ ಕಥೆಯನ್ನು ಬರುವಾಗ ರೈಲಿನಲ್ಲೇ ಮಕ್ಕಳಿಗೆ ಹೇಳಿ. ಆಮೇಲೆ ಮೂರೂ ಕಟ್ಟಡ ಒಂದೊಂದಾಗಿ ಕಣ್ಣಿಗೆ ಬಿದ್ದಾಗ ‘ಇದು ಸುಟ್ಟು ಹೋದ ಜಾಗ, ಇದು ಓಡಿ ಬಂದ ಜಾಗ’ ಅಂತ ಅವರೇ ಹೇಳುತ್ತಾರೆ.

ಅರಮನೆ ಬಗ್ಗೆ ಜಾಸ್ತಿ ಹೇಳಲ್ಲ. ಕಲ್ಯಾಣ ಮಂಟಪದಲ್ಲಿ ಎಲ್ಲರೂ ತಲೆ ಎತ್ತಿ ನವಿಲಿನ ಗಾಜಿನ ಚಾವಣಿ ನೋಡಿ ಮುಂದೆ ಹೋಗುತ್ತಾರೆ. ನೀವು ಸುತ್ತಲಿನ ಗೋಡೆ ನೋಡಿ. ದಸರಾ ಮೆರವಣಿಗೆಯ ದೊಡ್ಡ ಚಿತ್ರಗಳಿವೆ. ಆನೆ, ಕುದುರೆ, ಪೇಟ ಕಟ್ಟಿದ ಜನ. ಫೋಟೋ ನೋಡಿ ಬರೆದಿದ್ದು, ಹಾಗಾಗಿ ಮುಖಗಳೆಲ್ಲ ನಿಜವಾದ ಮನುಷ್ಯರದ್ದು.

ಜಗನ್ಮೋಹನ ಅಲ್ಲಿಂದ ಹತ್ತಿರವೇ, ಆದರೂ ಅತ್ತೆಯವರಿಗೆ ಆಟೋ ಮಾಡಿ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಅರಮನೆ ಇದು. 1902ರಲ್ಲಿ ನಾಲ್ವಡಿಯವರಿಗೆ ಆಡಳಿತದ ಅಧಿಕಾರ ಸಿಕ್ಕಿದ ಸಮಾರಂಭ ಇಲ್ಲೇ ನಡೆಯಿತು, ವೈಸರಾಯ್ ಕರ್ಜನ್ ಬಂದಿದ್ದ. 1915ರಿಂದ ಇದು ಚಿತ್ರಶಾಲೆ. ಮಹಡಿ ಹತ್ತಬೇಕು, ಮಂಡಿ ನೋವಿದ್ದರೆ ಕಷ್ಟ. ರಿಪೇರಿ ಅಂತ ಕೆಲವು ಭಾಗ ಮುಚ್ಚಿರುವುದೂ ಉಂಟು, ಟಿಕೆಟ್ ತೆಗೆಯುವ ಮುಂಚೆ ‘ದೀಪದ ಹೆಂಗಸಿನ ಚಿತ್ರ ನೋಡಬಹುದಾ’ ಅಂತ ಕೇಳಿಬಿಡಿ. ರವಿವರ್ಮನ ಚಿತ್ರಗಳಿವೆ, ಚೆನ್ನಾಗಿವೆ. ಆದರೆ ನಾನು ಮತ್ತೆ ಮತ್ತೆ ಹೋಗುವುದು ಈ ಒಂದು ಚಿತ್ರಕ್ಕೆ.

ಕತ್ತಲಲ್ಲಿ ಒಬ್ಬ ಹೆಣ್ಣುಮಗಳು ದೀಪ ಹಿಡಿದು ನಿಂತಿದ್ದಾಳೆ. ಗಾಳಿಗೆ ಆರದ ಹಾಗೆ ಕೈ ಅಡ್ಡ ಹಿಡಿದಿದ್ದಾಳೆ. ಆ ಬೆರಳುಗಳನ್ನು ನೋಡಿ. ಬೆಳಕು ಮಾಂಸದೊಳಗಿಂದ ಹಾಯ್ದು ಬೆರಳ ಅಂಚು ಕೆಂಪಗೆ ಕಾಣುತ್ತದೆ. ನಾವು ಚಿಕ್ಕವರಿದ್ದಾಗ ಕರೆಂಟ್ ಹೋದರೆ ಟಾರ್ಚಿನ ಮೇಲೆ ಕೈಯಿಟ್ಟು ನೋಡುತ್ತಿದ್ದೆವಲ್ಲ, ಅದೇ ಕೆಂಪು. ಬಹಳ ಜನ ಇದನ್ನೂ ರವಿವರ್ಮನದ್ದು ಅಂದುಕೊಂಡಿದ್ದಾರೆ. ಅಲ್ಲ. ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಣಕರ್, 1945ರ ಸುಮಾರಿಗೆ. ನಿಂತವಳು ಅವರ ಸ್ವಂತ ಮಗಳು. ಇನ್ನೊಂದು ವಿಷಯ, ಇದು ಎಣ್ಣೆ ಬಣ್ಣದ ಚಿತ್ರ ಅಲ್ಲ, ಜಲವರ್ಣ. ನೀರಿನ ಬಣ್ಣದಲ್ಲಿ ಒಂದು ಗೆರೆ ತಪ್ಪಿದರೆ ಮೇಲೆ ಬಳಿದು ಮುಚ್ಚೋಕಾಗಲ್ಲ. ನಿಮ್ಮ ಮಗಳು ಡ್ರಾಯಿಂಗ್ ಕ್ಲಾಸಿಗೆ ಹೋಗುತ್ತಾಳೆ ಅಂತ ಬರೆದಿದ್ದೀರಿ, ಅವಳಿಗೆ ಇದನ್ನು ತಪ್ಪದೆ ಹೇಳಿ.

ಊಟ ಮಾಡಿ, ರೂಮಿಗೆ ಹೋಗಿ ಒಂದು ಗಂಟೆ ಮಲಗಿ. ನಾಚಿಕೆ ಪಡಬೇಡಿ. ಸಂಜೆಯ ಕಡೆ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ. ಇದು ವಿಶ್ವವಿದ್ಯಾಲಯದ ಆವರಣದಲ್ಲಿದೆ. ಈ ಕಟ್ಟಡವೂ ಆಗಾಗ ದುರಸ್ತಿಗೆ ಮುಚ್ಚುತ್ತದೆ, ಅವತ್ತು ತೆರೆದಿದೆಯಾ ಅಂತ ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಿ. ತೆರೆದಿದ್ದರೆ ಬಿಡಬೇಡಿ. ಸೋಮನ ಕುಣಿತದ ಮುಖವಾಡಗಳು, ತೊಗಲುಗೊಂಬೆ, ಯಕ್ಷಗಾನದ ವೇಷ, ಬೇಸಾಯದ ಸಾಮಾನು, ಬುಟ್ಟಿ, ದೀಪ ಎಲ್ಲ ಇವೆ. ಇಲ್ಲಿ ನೀವು ವಿವರಿಸೋಕೆ ಹೋಗಬೇಡಿ, ಅತ್ತೆಯವರನ್ನು ಮುಂದೆ ಬಿಡಿ. ನಮ್ಮಮ್ಮನನ್ನು ಕರೆದುಕೊಂಡು ಹೋದಾಗ ಏನಾಯಿತು ಗೊತ್ತಾ? ಅರಮನೆಯಲ್ಲಿ ‘ಸಾಕು ಬಾರೋ’ ಅಂತಿದ್ದವರು ಇಲ್ಲಿ ಒಂದು ಕೂರಿಗೆ ಮುಂದೆ ನಿಂತು, ಬಿತ್ತುವಾಗ ಬಟ್ಟಲಿಗೆ ಕಾಳು ಹೇಗೆ ಬಿಡಬೇಕು ಅಂತ ಬೆರಳು ಸಡಿಲಿಸಿ ತೋರಿಸಿದರು. ಅವರು ತವರಿನಲ್ಲಿ ಬಿತ್ತನೆಗೆ ಹೋಗುತ್ತಿದ್ದರು ಅನ್ನುವುದೇ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಹಾವೇರಿ ಕಡೆಯ ನಿಮ್ಮ ಅತ್ತೆ ಇನ್ನೂ ಜಾಸ್ತಿ ಹೇಳಿಯಾರು.

ಎರಡನೇ ದಿನ ಬೆಳಿಗ್ಗೆ ಶ್ರೀರಂಗಪಟ್ಟಣ. 15 ಕಿಲೋಮೀಟರ್ ಅಷ್ಟೇ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ದರಿಯಾ ದೌಲತ್ ತೋಟದ ಮಧ್ಯೆ ಇದೆ. ಹೊರಗಿನಿಂದ ನೋಡಿದರೆ ಹಸಿರು ಪರದೆ ಇಳಿಬಿಟ್ಟು ಏನೋ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಬಿಸಿಲು ಬಿದ್ದು ಬಣ್ಣ ಹಾಳಾಗಬಾರದು ಅಂತ ಹಾಗೆ. ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಹೈದರ್, ಟಿಪ್ಪು ಸೇರಿ ಇಂಗ್ಲಿಷರನ್ನು ಮುರಿದ ಯುದ್ಧ. ಮಕ್ಕಳಿಗೆ ಒಂದು ಕೆಲಸ ಕೊಡಿ: ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಅಧಿಕಾರಿಯನ್ನು ಹುಡುಕಿ ಅಂತ. ಅವನೇ ಕರ್ನಲ್ ಬೇಯ್ಲಿ. ಸುತ್ತ ಕೆಂಪು ಕೋಟಿನ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ಹತ್ತಿರದಲ್ಲೇ ಮದ್ದಿನ ಬಂಡಿ ಸಿಡಿಯುತ್ತಿದೆ. ಸಿಕ್ಕಮೇಲೆ ಅಲ್ಲಿಂದ ನೇರ ರಂಗನಾಥನ ಗುಡಿಯ ಹತ್ತಿರದ ಬೇಯ್ಲಿ ಸೆರೆಮನೆಗೆ ಹೋಗಿ. ನೆಲಮಟ್ಟಕ್ಕಿಂತ ಕೆಳಗಿದೆ, ಕೈದಿಗಳ ಕೈಗೆ ಸಂಕೋಲೆ ಬಿಗಿಯೋಕೆ ಗೋಡೆಯಲ್ಲಿ ತೂತು ಕೊರೆದ ಕಲ್ಲುಗಳಿವೆ. ಬೇಯ್ಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ಸೆರೆಯಲ್ಲಿ ಸತ್ತ. ಹೈದರ್, ಟಿಪ್ಪು ಸಮಾಧಿಯಿರುವ ಗುಂಬಜ್ ಹತ್ತಿರ ಅವನ ಸ್ಮಾರಕವೂ ಇದೆ. ಚಿತ್ರದಲ್ಲಿ ನೋಡಿದ ಮನುಷ್ಯ ಇಲ್ಲಿದ್ದ ಅಂದ ತಕ್ಷಣ ನಮ್ಮ ಹುಡುಗರು ಗಪ್‌ಚಿಪ್ ಆಗಿಬಿಟ್ಟರು. ಒಂದು ತಮಾಷೆ, ತಾವೇ ಸೋತ ಯುದ್ಧದ ಆ ಚಿತ್ರ ಮಾಸಿದಾಗ ಮತ್ತೆ ಬಣ್ಣ ಹಾಕಿಸಿದವರೂ ಇಂಗ್ಲಿಷರೇ. 1799ರಲ್ಲಿ ಟಿಪ್ಪು ಸತ್ತ ನಂತರ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ದರಿಯಾ ದೌಲತ್‌ನಲ್ಲೇ ಇದ್ದ.

ವಾಪಸ್ ಬಂದಮೇಲೆ ಶಕ್ತಿ ಉಳಿದಿದ್ದರೆ ಮಾತ್ರ ರೈಲ್ವೆ ಸ್ಟೇಷನ್ ಪಕ್ಕದ ರೈಲು ಮ್ಯೂಸಿಯಂ. 1979ರದ್ದು. ಎಂಜಿನ್ ಹತ್ತಬಹುದು, ಪುಟಾಣಿ ರೈಲಿದೆ. 1899ರ ಮಹಾರಾಣಿ ಸಲೂನ್ ಅನ್ನುವ ರೈಲು ಬೋಗಿಯಲ್ಲಿ ಅಡುಗೆಮನೆಯೂ ಇದೆ, ಅತ್ತೆಯವರಿಗೆ ತೋರಿಸಿ.

ಯಾದವಗಿರಿಯಲ್ಲಿರುವ ಕಾದಂಬರಿಕಾರ ಆರ್.ಕೆ. ನಾರಾಯಣ್ ಮನೆ ಅಲ್ಲಿಂದ ದೂರವಿಲ್ಲ. 2011ರಲ್ಲಿ ಮಾರಾಟವಾಗಿ ಅರ್ಧ ಒಡೆದಿದ್ದ ಮನೆ ಇದು. ಊರಿನವರು ಗಲಾಟೆ ಮಾಡಿ ನಿಲ್ಲಿಸಿದರು, ಪಾಲಿಕೆ ಕೊಂಡು ಸರಿಮಾಡಿಸಿ 2016ರಲ್ಲಿ ತೆರೆಯಿತು. ಒಳಗೆ ಸಾಮಾನು ಕಡಿಮೆ: ಕೋಟು, ಕನ್ನಡಕ, ಪ್ರಶಸ್ತಿಗಳು. ಓದದವರಿಗೆ ಖಾಲಿ ಮನೆ ಅನ್ನಿಸಬಹುದು. ನೀವು ಓದಿದವರಾದರೆ ಮಹಡಿಯ ಅರ್ಧವೃತ್ತದ ಕೋಣೆಯಲ್ಲಿ, ಆ ಸಾಲು ಕಿಟಕಿಗಳ ಹತ್ತಿರ ಹತ್ತು ನಿಮಿಷ ನಿಲ್ಲಿ. ಮಕ್ಕಳನ್ನು ಅವರಪ್ಪನ ಜೊತೆ ಪುಟಾಣಿ ರೈಲಿಗೇ ಬಿಟ್ಟು ಬನ್ನಿ.

ಯಾವ ವಾರ ಬರುತ್ತೀರಿ ಅಂತ ಬರೆದಿಲ್ಲ ನೀವು. ಮಂಗಳವಾರ ಮೃಗಾಲಯ ರಜೆ. ಆದಷ್ಟು ಭಾನುವಾರ ಸೇರುವ ಹಾಗೆ ನೋಡಿ, ಸಂಜೆ 7ಕ್ಕೆ ಅರಮನೆಗೆ ದೀಪ ಹಾಕುತ್ತಾರೆ, ಸುಮಾರು ಒಂದು ಲಕ್ಷ ಬಲ್ಬು. ಹತ್ತು ನಿಮಿಷ ಮುಂಚೆ ಹೋಗಿ ಕತ್ತಲಲ್ಲೇ ನಿಂತಿರಿ. ಹತ್ತಿಕೊಳ್ಳುವ ಆ ಒಂದು ಕ್ಷಣ ತಪ್ಪಬಾರದು. ದಿನಾಂಕ ಹಾಕಿ ಅಕ್ಕ, ನನಗೆ ಬಿಡುವಿದ್ದರೆ ಸ್ಟೇಷನ್ನಿಗೆ ಬರುತ್ತೇನೆ.