ಮೊಟ್ಟೆಯೂ ಉಂಟು, ಹಾಲೂ ಉಂಟು

ಪ್ರಶ್ನೆ: ಪ್ಲಾಟಿಪಸ್ ಮೊಟ್ಟೆಯಿಡುವ ಪ್ರಾಣಿ ಎಂದ ಮೇಲೆ ಅದನ್ನು ಸಸ್ತನಿಗಳ ಸಾಲಿಗೆ ಸೇರಿಸಿರುವುದೇಕೆ?

ಉತ್ತರ: ಮರಿಗೆ ಹಾಲೂಡಿಸುವುದು ಸಸ್ತನಿಯ ಲಕ್ಷಣವೇ ಹೊರತು ಮರಿ ಹಾಕುವುದಲ್ಲ. ಆಸ್ಟ್ರೇಲಿಯಾದ ಹೊಳೆದಂಡೆಯ ಬಿಲಗಳಲ್ಲಿ ಹೆಣ್ಣು ಪ್ಲಾಟಿಪಸ್ ಸಾಮಾನ್ಯವಾಗಿ 2 ಮೊಟ್ಟೆಗಳನ್ನಿಟ್ಟು, ಸುಮಾರು 10 ದಿನ ಅವುಗಳಿಗೆ ಮೈಯ ಶಾಖ ಕೊಟ್ಟು, ಹೊರಬಂದ ಮರಿಗಳಿಗೆ ತಿಂಗಳುಗಟ್ಟಲೆ ಹಾಲುಣಿಸುತ್ತದೆ. ‘ಸಸ್ತನಿ’ ಎಂಬ ಹೆಸರಿಗೆ ಇಲ್ಲೊಂದು ತೊಡಕಿದೆ: ಇದಕ್ಕೆ ಮೊಲೆತೊಟ್ಟುಗಳೇ ಇಲ್ಲ, ಹೊಟ್ಟೆಯ ಚರ್ಮದಿಂದ ಒಸರುವ ಹಾಲನ್ನು ಮರಿಗಳು ಹೀರಿಕೊಳ್ಳುತ್ತವೆ. ಇದು ಮೊಟ್ಟೆಯಿಡುವುದೇ ಎಂಬ ದೀರ್ಘ ವಾದಕ್ಕೆ ತೆರೆಬಿದ್ದದ್ದು 1884ರಲ್ಲಿ, ಪ್ರಾಣಿಶಾಸ್ತ್ರಜ್ಞ ವಿಲಿಯಂ ಕಾಲ್ಡ್‌ವೆಲ್ ಅದನ್ನು ಕಣ್ಣಾರೆ ಕಂಡು ತಂತಿ ಕಳುಹಿಸಿದಾಗ.

ಮರಿಗೆ ಹಾಲೂಡಿಸುವುದು ಗರ್ಭದಲ್ಲಿ ಮರಿ ಬೆಳೆಸುವುದಕ್ಕಿಂತ ಹಳೆಯದು ಎಂಬುದು ಇದರಿಂದ ತಿಳಿಯುವ ಮುಖ್ಯ ಸಂಗತಿ. ಮೊಟ್ಟೆಯ ಭಂಡಾರಕ್ಕೆ (ಹಳದಿ ಭಾಗಕ್ಕೆ) ಬೇಕಾದ ವಿಟೆಲ್ಲೊಜೆನಿನ್ ಎಂಬ ಪ್ರೋಟೀನಿನ ಜೀನ್‌ಗಳು ಕೋಳಿಯಲ್ಲಿ 3 ಇವೆ. ಪ್ಲಾಟಿಪಸ್‌ನಲ್ಲಿ ಕೆಲಸ ಮಾಡುವಂಥದ್ದು ಒಂದೇ ಉಳಿದಿದೆ. ಮನುಷ್ಯರಲ್ಲಿಯಾದರೋ ಅವುಗಳ ಕೆಟ್ಟುಹೋದ ಅವಶೇಷಗಳಷ್ಟೇ ಸಿಗುತ್ತವೆ. ಹಾಲಿನ ಪ್ರೋಟೀನಾದ ಕೇಸೀನ್‌ನ ಜೀನ್‌ಗಳು ಮಾತ್ರ ಮೊಟ್ಟೆಯಿಡುವ, ಚೀಲದಲ್ಲಿ ಮರಿ ಬೆಳೆಸುವ, ಗರ್ಭದಲ್ಲೇ ಮರಿ ಬೆಳೆಸುವ ಮೂರೂ ಸಸ್ತನಿ ಕವಲುಗಳಲ್ಲಿ ಇರುವುದರಿಂದ, ಪೋಷಣೆಯ ಹೊಣೆ ಮೊದಲು ಹಾಲಿಗೆ ಬಂದು, ಭಂಡಾರದ ಅಗತ್ಯ ಕ್ರಮೇಣ ಕುಗ್ಗಿತೆಂದು ಊಹಿಸುವುದು ಸಮಂಜಸ. ಕೆಂಪು ಕಾಂಗರೂವಿನದು ನಡುವಿನ ದಾರಿ: 33 ದಿನಗಳ ಗರ್ಭವಾಸ ಮುಗಿಸಿ, 1 ಗ್ರಾಮಿನಷ್ಟೂ ತೂಗದ ಮರಿ ಚೀಲ ಸೇರಿ, ಅಲ್ಲಿಯೇ ಬೆಳೆಯುತ್ತದೆ.