ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿದ್ದುಕೊಂಡು ಸಿಇಟಿ (ವೃತ್ತಿಪರ ಕೋರ್ಸ್‌ಗಳ ಪ್ರವೇಶ ಪರೀಕ್ಷೆ), ಕಾಲೇಜು ಅರ್ಜಿಗಳ ಗಡಿಬಿಡಿ ನಿಭಾಯಿಸುವುದು ಹೇಗೆ?

ಮೊದಲು ದಾಖಲೆ, ಆಮೇಲೆ ಕಾಲೇಜಿನ ಚಿಂತೆ. ಜಾಸ್ತಿ ಓಡಾಡಿಸುವುದು ಗ್ರಾಮೀಣ ಮೀಸಲಾತಿಯ ವ್ಯಾಸಂಗ ಪ್ರಮಾಣಪತ್ರ. 1ರಿಂದ 10ನೇ ತರಗತಿವರೆಗೆ ಓದಿದ ವಿವರ ಶಾಲೆಯವರು ಬರೆದುಕೊಡಬೇಕು, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆ ಅಲೆದಾಟ. ಮಳೆ ಹಿಡಿಯುವ ಮುಂಚೆಯೇ ಮುಗಿಸಿ.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಆ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್, ಸಿಇಟಿ ಅರ್ಜಿ ಸಂಖ್ಯೆ, ಪಾಸ್‌ವರ್ಡ್ ಎಲ್ಲ ಒಂದೇ ನೋಟ್‌ಬುಕ್ಕಿನಲ್ಲಿರಲಿ. ಒಟಿಪಿಗೆ ಮನೆಯವರ ಮೊಬೈಲ್ ನಂಬರನ್ನೇ ಕೊಡಿ, ಸೈಬರ್ ಸೆಂಟರ್‌ನವರದ್ದು ಬೇಡವೇ ಬೇಡ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಆನ್‌ಲೈನ್‌ನಲ್ಲಿ ಕ್ರಮವಾಗಿ ತುಂಬುವಾಗ, ಇಷ್ಟದ ಕಾಲೇಜನ್ನೇ ಮೇಲೆ ಹಾಕಿ. ಸಿಗಲ್ಲ ಅಂತ ಸುಮ್ನೆ ಕೆಳಗೆ ತಳ್ಳಬೇಡಿ. ಅಣಕು ಹಂಚಿಕೆ (ಯಾವ ಸೀಟು ಸಿಗಬಹುದೆಂದು ಮೊದಲೇ ತೋರಿಸುವ ಪಟ್ಟಿ) ಬಂದ ಮೇಲೆ ಕ್ರಮ ಬದಲಿಸಬಹುದು. ಆದರೆ ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ನಮ್ಮ ಕಡೆ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ, ಅಲ್ವಾ?