ನಿಮ್ಮ ಜಡ್ಜ್ ಕೈಯಲ್ಲಿ ಸುತ್ತಿಗೆ ಬೇಡ

ನಮಸ್ಕಾರ.

ನಿಮ್ಮ ಕತೆ ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಬಿಟ್ಟುಬಿಡಿ ಅನ್ನಲು ಮನಸ್ಸೂ ಬರಲಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ದಾವಣಗೆರೆಯ ದಂಪತಿ. ಐದು ತಿಂಗಳ ಕೂಸಿನ ತೋಳಿನ ಮೂಳೆ ಮುರಿದಿದೆ, ಹೇಗೆ ಅಂತ ಯಾರೂ ಹೇಳುತ್ತಿಲ್ಲ. ಆಸ್ಪತ್ರೆಯಿಂದ ಕೌನ್ಸಿಲ್‌ಗೆ, ಅಂದರೆ ಮಕ್ಕಳ ರಕ್ಷಣೆ ನೋಡಿಕೊಳ್ಳುವ ಅಲ್ಲಿನ ಸ್ಥಳೀಯ ಆಡಳಿತಕ್ಕೆ, ಸುದ್ದಿ ಹೋಗುತ್ತದೆ. ಮರುದಿನವೇ ಕೋರ್ಟು. ಬಾಣಂತನಕ್ಕೆ ಬಂದ ಅಜ್ಜಿ ಅಲ್ಲಿ ಗೋಳಾಡುತ್ತಾರೆ. ವಿಗ್ ಹಾಕಿದ ಜಡ್ಜ್ ಸುತ್ತಿಗೆ ಕುಟ್ಟಿ "ಅನುಮಾನ ಬಂದರೆ ಸಾಕು" ಎಂದು ಮಗುವನ್ನು ಕಿತ್ತುಕೊಳ್ಳುತ್ತಾರೆ. ಇಷ್ಟು ಕತೆ.

ಇಂಗ್ಲೆಂಡಿನ ಜಡ್ಜ್‌ಗಳು ಸುತ್ತಿಗೆ ಬಳಸುವುದಿಲ್ಲ. ಅದು ಸಿನಿಮಾದ್ದು. ಫ್ಯಾಮಿಲಿ ಕೋರ್ಟಿನಲ್ಲಿ ವಿಗ್ ಕೂಡ ಇಲ್ಲ, ಜ್ಯೂರಿ ಇಲ್ಲ, ಬಾಗಿಲು ಹಾಕಿಕೊಂಡು ವಿಚಾರಣೆ ನಡೆಸುತ್ತಾರೆ. ಒಂದೇ ದಿನದಲ್ಲಿ ಮುಗಿಯುವುದೂ ಇಲ್ಲ. 26 ವಾರದೊಳಗೆ ಮುಗಿಸಬೇಕೆಂದು 2014ರಲ್ಲಿ ಕಾನೂನು ಮಾಡಿದರು, ಎಷ್ಟೋ ಸಲ ಅದೂ ಸಾಲುವುದಿಲ್ಲ. ಇವೆಲ್ಲ ಒಂದು ಸಂಜೆಯಲ್ಲಿ ತಿದ್ದಬಹುದು.

ತಿದ್ದಲು ಕಷ್ಟವಾದದ್ದು "ಅನುಮಾನ ಬಂದರೆ ಸಾಕು" ಅನ್ನುವ ಮಾತು. ಇಡೀ ಕತೆ ಅದರ ಮೇಲೆ ನಿಂತಿದೆ, ಅದೇ ತಪ್ಪು. ವಿಚಾರಿಸಲು ಅನುಮಾನ ಸಾಕು, ನಿಜ. ಮಗುವನ್ನು ತಾತ್ಕಾಲಿಕವಾಗಿ ಬೇರೆ ಕಡೆ ಇಡಲು ನಂಬುವಂಥ ಕಾರಣ ಬೇಕು. ಕೊನೆಯ ತೀರ್ಪಿಗೆ ಎರಡೂ ಸಾಲದು. 1989ರ ಮಕ್ಕಳ ಕಾಯ್ದೆಯ 31ನೇ ಕಲಂ ಪ್ರಕಾರ ಮಗುವಿಗೆ ಗಂಭೀರ ಹಾನಿ ಆಗುತ್ತಿರಬೇಕು, ಇಲ್ಲವೇ ಆಗುವ ಸಾಧ್ಯತೆ ಇರಬೇಕು. ಅದಕ್ಕೆ ಆರೈಕೆಯ ಕೊರತೆಯೇ ಕಾರಣವಾಗಿರಬೇಕು. ವಕೀಲರು ಇದನ್ನು ಥ್ರೆಶೋಲ್ಡ್ ಅನ್ನುತ್ತಾರೆ. ನಮ್ಮ ಹೊಸ್ತಿಲೇ. ಅದನ್ನು ದಾಟದೆ ಕೋರ್ಟು ಮನೆಯೊಳಗೆ ಕಾಲಿಡುವ ಹಾಗಿಲ್ಲ.

ದಾಟಿಸುವ ಭಾರ ಕೌನ್ಸಿಲ್‌ನದು. ನಿಮ್ಮ ಕತೆಯ ಅಪ್ಪ "ನಾವೇನೂ ಮಾಡಿಲ್ಲ ಅಂತ ಹೇಗೆ ಸಾಬೀತು ಮಾಡೋದು?" ಎಂದು ಅಳುತ್ತಾನೆ. ಅವನು ಸಾಬೀತು ಮಾಡಬೇಕಾಗಿಯೇ ಇಲ್ಲ! ಹಾನಿ ಆಗಿರುವ ಸಾಧ್ಯತೆ ಆಗದಿರುವುದಕ್ಕಿಂತ ಜಾಸ್ತಿ ಅಂತ ಕೌನ್ಸಿಲ್ ತೋರಿಸಬೇಕು. 2008ರ ಒಂದು ತೀರ್ಪಿನಲ್ಲಿ ಜಡ್ಜ್ ಲಾರ್ಡ್ ಹಾಫ್‌ಮನ್ ಇದನ್ನು ಸೊನ್ನೆ ಮತ್ತು ಒಂದು ಎಂದು ಬಿಡಿಸಿದರು. ಸಾಬೀತಾಯಿತೋ, ಆದದ್ದು ಅಂತಲೇ ಲೆಕ್ಕ. ಇಲ್ಲವೋ, ಆಗಲೇ ಇಲ್ಲ ಅಂತ. ನಡುವೆ "ಇರಬಹುದೇನೋ" ಅನ್ನುವ ಜಾಗವೇ ಇಲ್ಲ. ಮುಂದೆ ಆಗಬಹುದಾದ ಹಾನಿಗೂ ಹೀಗೆ ಸಾಬೀತಾದ ಸಂಗತಿಯೇ ಆಧಾರ.

ನಾಲ್ಕನೇ ಪುಟದಲ್ಲಿ ಸೋಶಿಯಲ್ ವರ್ಕರ್ ಕೈತುತ್ತಿನ ಬಗ್ಗೆ ಗೊಣಗುತ್ತಾಳಲ್ಲ, ಅದು ಭಾರತೀಯ ದಂಪತಿಯ ಮಕ್ಕಳನ್ನು ಒಯ್ದ ನಾರ್ವೆಯ ಸುದ್ದಿಯಿಂದ ಬಂದದ್ದು ಅಲ್ವಾ? ಆ ದೇಶ ಬೇರೆ, ಕಾನೂನು ಬೇರೆ. ಇಂಗ್ಲೆಂಡಿನಲ್ಲಿ ಜಸ್ಟಿಸ್ ಹೆಡ್ಲಿ ಹಿಂದೆಯೇ ಹೇಳಿದ್ದಾರೆ: ವಿಚಿತ್ರವಾಗಿ ಸಾಕುವವರನ್ನೂ, ಹೇಗೋ ತೂಗಿಸಿಕೊಂಡು ಹೋಗುವವರನ್ನೂ ಸಮಾಜ ಸಹಿಸಿಕೊಳ್ಳಬೇಕು. ಆ ಪುಟ ತೆಗೆದುಬಿಡಿ.

ಇನ್ನು ಅಜ್ಜಿ. ನೀವು ಅವರನ್ನು ಸುಮ್ನೆ ಅಳಲು ಇಟ್ಟಿದ್ದೀರಿ. ನನಗೆ ಜಾಸ್ತಿ ಬೇಸರವಾದದ್ದು ಇಲ್ಲಿ. 2000ದ ಒಂದು ಪ್ರಕರಣದಲ್ಲಿ ಕೂಸಿಗೆ ಪೆಟ್ಟು ಮಾಡಿದ್ದು ತಾಯಿಯೋ, ತಂದೆಯೋ, ಹಗಲು ನೋಡಿಕೊಳ್ಳುತ್ತಿದ್ದ ಹೆಂಗಸೋ ಎಂದು ಕೊನೆಗೂ ತಿಳಿಯಲಿಲ್ಲ. ಆದರೂ ಹೊಸ್ತಿಲು ದಾಟಿದಂತೆಯೇ ಎಂದು ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಅಂದರೆ ನಿಮ್ಮ ಕತೆಯಲ್ಲಿ, ಮೂಳೆ ತಾನಾಗಿ ಮುರಿದಿಲ್ಲ ಎಂದು ವೈದ್ಯರು ಹೇಳಿದ ಗಳಿಗೆಯಿಂದ ಅನುಮಾನದ ಪಟ್ಟಿಯಲ್ಲಿ ಮೂವರಿದ್ದಾರೆ: ಅಪ್ಪ, ಅಮ್ಮ, ಅಜ್ಜಿ. ದಿನಾ ಕೂಸನ್ನು ಕಾಲಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿದವರು ಯಾರು? ಮಗಳಿಗೆ ಇದು ಹೊಳೆಯುವುದಿಲ್ಲವೇ? ಹೊಳೆದರೂ ಬಾಯಿ ಬಿಡುತ್ತಾಳೆಯೇ? ಅಮ್ಮನನ್ನು ಉಳಿಸಲೋ, ಮಗುವನ್ನೋ? ನಿಮ್ಮ ಹತ್ತು ಪುಟದ ಅಳುವಿಗಿಂತ ಅವಳ ಈ ಮೌನ ದೊಡ್ಡದು.

ಹೊಸ್ತಿಲು ದಾಟಿದರೂ ಮಗು ಹೋಯಿತು ಅಂತಲ್ಲ. ಆಮೇಲೆ ಬರುವುದು ಇನ್ನೊಂದು ಪ್ರಶ್ನೆ, ಈ ಮಗುವಿಗೆ ಯಾವುದು ಒಳ್ಳೆಯದು ಅನ್ನುವುದು. ಕೂಸಿನ ಪರವಾಗಿ ಮಾತಾಡಲು ಕೋರ್ಟು ನೇಮಿಸಿದ ಬೇರೆಯೇ ಗಾರ್ಡಿಯನ್, ಬೇರೆಯೇ ವಕೀಲರು ಇರುತ್ತಾರೆ. ನಿಮ್ಮ ಕತೆಯಲ್ಲಿ ಇಬ್ಬರೂ ಇಲ್ಲ.

ಅಜ್ಜಿ ಸಾಕ್ಷಿ ಹೇಳುವ ಬೆಳಗಿನಿಂದ ಶುರು ಮಾಡಿ ನೋಡಿ. ದುಭಾಷಿ ಪಕ್ಕದಲ್ಲಿದ್ದಾರೆ. "ಆ ದಿನ ನೀರು ಹಾಕಿದ್ದು ಯಾರು?" ಎಂದು ವಕೀಲರು ಕೇಳುತ್ತಾರೆ. ಅಜ್ಜಿ ಮಗಳ ಮುಖ ನೋಡುತ್ತಾರೆ. ಅಲ್ಲಿಂದ ಮುಂದಿನದು ನಿಮಗೇ ಗೊತ್ತಿರಬೇಕು, ಬರೆದು ಕಳಿಸಿ.